ಮೊಸಳೆಯ ಬಾಲವೂ ಮಾತಿನ ಬಾಲವೂ

ಹಲ್ಲುನೋವಿನ ಮೊಸಳೆಯನ್ನು ಕೋತಿ ಡಾಕ್ಟರ ಬಳಿಗೆ ಕಳಿಸಿದವಳು ನಾನು. ಅದರ ಬೆನ್ನ ಮೇಲೆ ಒಂದೊಂದೇ ಮುಳ್ಳು ಕೂರಿಸಿದವಳೂ ನಾನೇ. ಅಂದಮೇಲೆ ಆ ಚಿತ್ರಕಥೆಯ ಎಂಟು ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸವನ್ನೂ ಮಾಡಿ, ಈ ಮನೆಯಲ್ಲಿ ಕಲಾವಿದೆ ಯಾರೆಂದು ತೋರಿಸಿಯೇ ತೀರುತ್ತೇನೆಂದು ಅಂದು ಬೆಳಿಗ್ಗೆ ಭೀಷ್ಮಪ್ರತಿಜ್ಞೆ ಮಾಡಿದೆ!

ಮಕ್ಕಳ ಮಾಸಪತ್ರಿಕೆಯೊಂದಕ್ಕೆ ನಾನೂ ನನ್ನ ಓರಗಿತ್ತಿಯೂ ಸೇರಿ ಚಿತ್ರಕಥೆ ಮಾಡಿಕೊಡುತ್ತೇವೆ. ಕಥೆ, ಚಿತ್ರ ನನ್ನವು. ಅವಳು ಆ ಚಿತ್ರಗಳನ್ನು ಚೌಕಗಳೊಳಗೆ ಕೂರಿಸಿ, ಯಾರ ಮಾತೆಂದು ತೋರಿಸುವ ಪುಟ್ಟ ಬಾಲವಿರುವ ಮಾತಿನ ಗುಳ್ಳೆ ಅಂಟಿಸುತ್ತಾಳೆ. ಅಷ್ಟೇ! ಆದರೆ ಹೊಗಳಿಕೆ ಯಾರಿಗೆ? "ಪುಟ ಎಷ್ಟು ಅಚ್ಚುಕಟ್ಟು!" ಎಂದು ಅತ್ತೆ ಅವಳ ಕಡೆ ನೋಡುತ್ತಾರೆ. "ಜೋಡಣೆ ಅಂದ್ರೆ ಇದು!" ಎಂದು ಸಂಪಾದಕರು ಅವಳಿಗೇ ಫೋನ್ ಮಾಡುತ್ತಾರೆ. ಅಡುಗೆ ಮಾಡಿದವಳು ನಾನು, ಕೈ ತೊಳೆಯಲು ನೀರು ಕೊಟ್ಟವಳಿಗೆ ಬಹುಮಾನ! ನನ್ನ ಹೊಟ್ಟೆಯೊಳಗಿನ ಉರಿಯಲ್ಲಿ ಒಂದು ಹಂಡೆ ನೀರು ಕಾಯಿಸಬಹುದಿತ್ತು.

ಅಂದು ಅವಳು ಆಫೀಸಿಗೆ ಹೊರಟವಳು ಬಾಗಿಲಲ್ಲಿ ನಿಂತು, "ಅಕ್ಕಾ, ಎಲ್ಲಾ ಜೋಡಿಸಿಟ್ಟಿದ್ದೀನಿ. ಒಂದ್ಸಲ ನೋಡಿ ಪತ್ರಿಕೆಗೆ ಕಳಿಸಿಬಿಡಿ," ಎಂದಳು.

ನೋಡಿದೆ. ನೋಡಿ ಕೆಂಡವಾದೆ! ಮೊಸಳೆಯ ಬಾಲವೇ ಕಾಣೆ! ಕಣ್ಣು ನೋಯುವಷ್ಟು ಕೂತು ಬರೆದ ಬಾಲದ ಮೇಲೆ ದಪ್ಪನೆಯ ಮಾತಿನ ಗುಳ್ಳೆಯೊಂದು ಕಾಲು ಚಾಚಿ ಕೂತಿತ್ತು. ಎಲ್ಲ ಪುಟದಲ್ಲೂ ಅದೇ ಕಥೆ.

"ನೋಡಿದ್ರಾ? ಬೇಕೂಂತಲೇ ಮುಚ್ಚಿದಾಳೆ!" ಎಂದು ನಮ್ಮವರನ್ನು ಕರೆದೆ.

"ಮಾತಿಗೂ ಜಾಗ ಬೇಕಲ್ವೇನೇ? ಬಾಲದ ಮೇಲಲ್ದೆ ನಿನ್ನ ತಲೆ ಮೇಲೆ ಇಡ್ತಾಳಾ?"

"ನಿಮಗೂ ಅವಳೇ ಸರಿ!"

ಕಂಪ್ಯೂಟರಿನ ಮುಂದೆ ಕೂತೇಬಿಟ್ಟೆ. ಅದರೊಳಗೆ ಚಿತ್ರ ಒಂದು ಪದರ, ಚೌಕ ಇನ್ನೊಂದು ಪದರ, ಗುಳ್ಳೆ ಮತ್ತೊಂದು ಪದರ. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ. ಗುಳ್ಳೆ ಸರಿಸಲು ಹೋದರೆ ಚೌಕ ಸರಿಯಿತು. ಚೌಕ ಹಿಡಿದೆಳೆದರೆ ಮೊಸಳೆ ಹಗ್ಗದಂತೆ ಉದ್ದವಾಯಿತು. ಗಾಬರಿಯಲ್ಲಿ ಇನ್ನೇನೋ ಒತ್ತಿದೆ. ಕೋತಿ ಡಾಕ್ಟರು ಮಾಯ!

"ಅವಳಿಗೊಂದು ಫೋನ್ ಮಾಡಬಾರ್ದಾ?" ಎಂದರು ನಮ್ಮವರು.

"ಪ್ರಾಣ ಹೋದ್ರೂ ಮಾಡಲ್ಲ!"

"ಯಾರ ಪ್ರಾಣ? ಕೋತಿದು ಆಗ್ಲೇ ಹೋಯ್ತಲ್ಲ!"

ಹಿಂದಕ್ಕೆ ಹೋಗುವ ಬಾಣ ಒತ್ತಿ ಒತ್ತಿ ಕೋತಿಗೆ ಮರುಜನ್ಮ ಕೊಟ್ಟೆ. ಆಗ ಕಣ್ಣಿಗೆ ಬಿತ್ತು, ಚಿತ್ರವನ್ನು ಎಡಬಲ ಮಗುಚುವ ಗುಂಡಿ. ಒತ್ತಿದೆ. ಆಹಾ! ಎಡಗಡೆಯಿದ್ದ ಮೊಸಳೆ ಬಲಗಡೆಗೆ ಬಂತು, ಬಲಗಡೆಯಿದ್ದ ಕೋತಿ ಎಡಗಡೆಗೆ ಹೋಯಿತು. ಬಾಲ ಖಾಲಿ ಜಾಗದಲ್ಲಿ ಮಹಾರಾಣಿಯ ಜಡೆಯಂತೆ ಹರಡಿಕೊಂಡಿತು! ಗುಳ್ಳೆಗಳು ಮಾತ್ರ ಇದ್ದಲ್ಲೇ ಇದ್ದವು. ಇರಲಿ ಬಿಡಿ! ಉಳಿದ ಪುಟಗಳನ್ನೂ ಮಗುಚಿದೆ, ಕಣ್ತುಂಬ ಬಾಲ ನೋಡಿದೆ, ಕಳಿಸಿಬಿಟ್ಟೆ.

ಸಂಜೆ ಓರಗಿತ್ತಿ ಬಂದು ಕಂಪ್ಯೂಟರ್ ತೆರೆದಳು. ಅವಳ ಬಾಯಿ ಮೊಸಳೆಗಿಂತ ಅಗಲವಾಯಿತು.

"ಅಕ್ಕಾ, ಇದನ್ನ ಓದಿದ್ರಾ?"

"ಓದೋದೇನು? ಬರೆದವಳೇ ನಾನು!"

"ಈಗೊಂದ್ಸಲ ಓದಿ."

ಓದಿದೆ. ಕೋತಿ ಡಾಕ್ಟರು ಮೊಸಳೆಯ ಬಾಯೊಳಗೆ ಕುತ್ತಿಗೆಯವರೆಗೆ ತಲೆ ತೂರಿಸಿದ್ದಾರೆ. ಅವರ ಗುಳ್ಳೆಯಲ್ಲಿ, "ಅಯ್ಯಯ್ಯೋ, ಸತ್ತೆ! ಯಾರಾದ್ರೂ ಕಾಪಾಡಿ!" ಮೊಸಳೆಯ ಗುಳ್ಳೆಯಲ್ಲಿ, "ಹೆದರಬೇಡಿ, ಒಂದೇ ನಿಮಿಷ. ಮೊದಮೊದಲು ಎಲ್ಲರಿಗೂ ಹೀಗೇ ಅನ್ಸುತ್ತೆ."

ಮೊಸಳೆಯ ಬಾಲ ನೋಡುವ ಭರದಲ್ಲಿ ಮಾತಿನ ಗುಳ್ಳೆಯ ಬಾಲ ಯಾರ ಕಡೆಗಿದೆ ಎಂದು ನಾನು ನೋಡಿರಲೇ ಇಲ್ಲ!

ಪತ್ರಿಕೆಗೆ ಫೋನ್ ಮಾಡಿದರೆ, ಪುಟಗಳು ಅಚ್ಚಿಗೆ ಹೋಗಿಯಾಗಿತ್ತು. ಇನ್ನು ಈ ಪತ್ರಿಕೆ ನಮ್ಮನ್ನು ಹತ್ತಿರ ಸೇರಿಸುತ್ತದೆಯೇ?

"ಬೇಜಾರು ಮಾಡ್ಕೋಬೇಡಿ ಅಕ್ಕಾ," ಎಂದಳು ಅವಳು. "ಜೋಡಣೆ ನನ್ನ ಕೆಲಸ ತಾನೇ? ತಪ್ಪು ನಂದೇ ಅಂತೀನಿ."

ನನ್ನ ಕಣ್ಣು ತುಂಬಿ ಬಂತು. ಮೊಸಳೆ ಕಣ್ಣೀರಲ್ಲ, ಅಸಲಿ! ಬೇಡವೆನ್ನುವಷ್ಟು ದೊಡ್ಡ ಮನಸ್ಸು ಮಾತ್ರ ಬರಲಿಲ್ಲ. ತಕ್ಷಣ ಒಪ್ಪಿಕೊಂಡೆ.

ಪತ್ರಿಕೆ ಹೊರಬಂದ ಮೇಲೆ ಸಂಪಾದಕರ ಫೋನ್ ಬಂತು. ಓರಗಿತ್ತಿ ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು. ನಾನು ಅತ್ತೆಯ ಬೆನ್ನ ಹಿಂದೆ ಅಡಗಿದೆ.

"ಏನಮ್ಮಾ, ಈ ಸಲದ ಜೋಡಣೆ... ಅದ್ಭುತ! ಡಾಕ್ಟರೇ ಕಿರುಚೋದು, ಪೇಶೆಂಟೇ ಸಮಾಧಾನ ಮಾಡೋದು! ಮಕ್ಕಳು ಬಿದ್ದೂ ಬಿದ್ದೂ ನಗ್ತಿದಾರೆ. ಯಾರ ತಲೆ ಇದು?"

"ನಮ್ಮ ಚಿಕ್ಕ ಸೊಸೆದು!" ಎಂದರು ಅತ್ತೆ.

ಪಾಪ, ಅವಳು ಕೊಟ್ಟ ಮಾತಿನಂತೆ, "ಹೌದು ಸರ್, ತಪ್ಪು ನಂದೇ," ಎಂದಳು.

"ತಪ್ಪಲ್ಲಮ್ಮಾ, ಇದು ಪ್ರತಿಭೆ!"

ಪ್ರತಿಭೆ! ಆರಿದ್ದ ಉರಿ ಭಗ್ಗೆಂದಿತು. ಫೋನ್ ಕಸಿದುಕೊಂಡೆ.

"ಸರ್, ಅವಳಲ್ಲ! ಅವಳು ಎಲ್ಲಾ ಸರಿಯಾಗೇ ಮಾಡಿದ್ಲು! ಎಂಟು ಪುಟದ ತಪ್ಪೂ ನಂದು! ಪೂರ್ತಿ ನಂದು!"

"ಓಹೋ! ಹಾಗಾದ್ರೆ ಮುಂದಿನ ತಿಂಗಳಿಂದ ಜೋಡಣೆ ನೀವೇ ಮಾಡಿ."

ಗೆದ್ದ ದಂಡನಾಯಕನಂತೆ ಸುತ್ತಲೂ ನೋಡಿದೆ. "ಮತ್ತೆ ಚಿತ್ರ ಸರ್?"

"ಚಿತ್ರ ಅವರು ಬರೀಲಿ."

ಓರಗಿತ್ತಿ ಬೆಚ್ಚಿಬಿದ್ದಳು. "ಸರ್, ನಂಗೆ ನೆಟ್ಟಗೆ ಒಂದು ಗೆರೆ ಎಳೆಯೋಕೂ ಬರಲ್ಲ!"

"ಇನ್ನೂ ಒಳ್ಳೇದಾಯ್ತು! ಜೋಡಿಸೋಕೆ ಬರದೋರು ಜೋಡಿಸಿದ್ದಕ್ಕೇ ಇಷ್ಟು ನಗು. ಇನ್ನು ಬರೆಯೋಕೆ ಬರದೋರು ಬರೆದ್ರೆ, ಪತ್ರಿಕೆ ಎರಡೆರಡು ಸಲ ಅಚ್ಚು ಹಾಕಿಸ್ಬೇಕಾಗುತ್ತೆ ನೋಡಿ!"