ತಡಮೆ ಕಡೆಯ ಕ್ಯಾಮೆರಾ

ನಾವು ಅಂಗಡಿಯವನಿಗೆ ಹೇಳುವ ಕಾರಣ ಒಂದು, ಅಂಗಡಿಗೆ ಹೋದ ಕಾರಣ ಇನ್ನೊಂದು. ಕೊಡೆ ಕೊಳ್ಳುವಾಗ ಈ ಸಲದ ಮಳೆಯ ಬಗ್ಗೆ ಮಾತಾಡುತ್ತೇವೆ. ಹಳೆಯ ಕೊಡೆಯನ್ನು ಬಸ್ಸಿನಲ್ಲಿ ಮರೆತು ಬಂದದ್ದು ಮನೆಯಲ್ಲಿ ಗೊತ್ತಾಗುವ ಮೊದಲು ಅಂಥದ್ದೇ ಇನ್ನೊಂದು ಬೇಕು ಎಂಬುದನ್ನು ಹೇಳುವುದಿಲ್ಲ. ಪುತ್ತೂರಿನ ಅಶ್ರಫ್‌ನ ಕಂಪ್ಯೂಟರ್ ಅಂಗಡಿಯಲ್ಲಿ ನಾನು ಕೊಟ್ಟ ಕಾರಣ ಕಳ್ಳರ ಕಾಟ. ಮನೆಯ ಸುತ್ತ ನಾಲ್ಕು ಕ್ಯಾಮೆರಾ ಇಟ್ಟಿದ್ದೇನೆ, ಅವು ಕಂಡದ್ದನ್ನೆಲ್ಲ ಹಿಡಿದಿಡುವ ಸಾಫ್ಟ್‌ವೇರ್ ಹಾಕಿಕೊಂಡಿದ್ದೇನೆ, ಅದನ್ನು ಓಡಿಸಲು ತಕ್ಕ ಕಂಪ್ಯೂಟರ್ ಬೇಕು ಎಂದೆ. ಬೆಳ್ಳಾರೆಯ ಹತ್ತಿರ ನಾವಿರುವ ಕಡೆ ಕಳ್ಳರಿಲ್ಲ. ಒಮ್ಮೆ ಅಂಗಳದಲ್ಲಿ ಒಣಗಲು ಹಾಕಿದ್ದ ಅರ್ಧ ಗೋಣಿ ಕರಿಮೆಣಸು ಕಾಣೆಯಾಗಿ ನಾನು ಊರಿಗೆಲ್ಲ ಫೋನು ಮಾಡಿದ್ದೆ. ಮೋಡ ಕಂಡು ಹೆಂಡತಿ ಜಯಂತಿ ಅದನ್ನು ಅಟ್ಟಕ್ಕೆ ಏರಿಸಿದ್ದಳು. ಕಳ್ಳ ಸಿಕ್ಕಿದ ಮೇಲೂ ನಾನು ಕ್ಯಾಮೆರಾ ಬೇಕೆಂದು ಹಟ ಹಿಡಿದದ್ದರಿಂದ ಅವಳಿಗೆ ಆಗಲೇ ಅನುಮಾನ ಬಂದಿರಬೇಕು.

ನಿಜವಾದ ಕಾರಣವನ್ನು ನಿಮಗೆ ಹೇಳುತ್ತೇನೆ. ನನ್ನ ಅಣ್ಣ ಬರುತ್ತಾನೋ ಎಂದು ನೋಡಲಿಕ್ಕೆ.

ಅಣ್ಣನ ಮನೆ ಇರುವುದು ನಮ್ಮ ಬೇಲಿಯ ಆಚೆ. ಬೇಲಿಯಲ್ಲಿ ಒಂದು ತಡಮೆ ಉಂಟು. ದನ ದಾಟಬಾರದು, ಮನುಷ್ಯ ದಾಟಬೇಕು ಎಂದು ಆಚೆ ಎರಡು, ಈಚೆ ಎರಡು ಕಲ್ಲು ಇಟ್ಟು, ಹಿಡಿದುಕೊಳ್ಳಲು ಒಂದು ಕಂಬ ನೆಟ್ಟ ದಾರಿ. ನಾನು ಸಣ್ಣವನಿದ್ದಾಗ ಅಣ್ಣ ಮೊದಲು ದಾಟಿ, ನನ್ನ ಸ್ಲೇಟನ್ನು ಇಸಕೊಂಡು, ಮತ್ತೆ ಕೈ ಕೊಡುತ್ತಿದ್ದ. ದೊಡ್ಡವರಾಗಿ ಬೇರೆ ಬೇರೆ ಮನೆ ಮಾಡಿದ ಮೇಲೂ ಅವನು ದಿನಾ ಬೆಳಿಗ್ಗೆ ಏಳಕ್ಕೆ ತಡಮೆ ದಾಟಿ ಬಂದು ನಮ್ಮ ಜಗಲಿಯಲ್ಲಿ ಕೂತು, ಕಾಫಿ ಕುಡಿದು, ನನಗಿಂತ ಮೊದಲು ನನ್ನ ಪೇಪರು ಓದುತ್ತಿದ್ದ. ಓದಿ ಮುಗಿಸಿ ಅದನ್ನು ಒಳಗಿನದು ಹೊರಗೆ, ಹೊರಗಿನದು ಒಳಗೆ ಆಗುವಂತೆ ಮಡಚಿ ಇಡುತ್ತಿದ್ದ. ನಾನು ಮುಖಪುಟ ಹುಡುಕುತ್ತಾ ಗೊಣಗುತ್ತಿದ್ದೆ. ನಿವೃತ್ತ ಗಣಿತದ ಮೇಷ್ಟ್ರಿಗೆ ಪುಟಸಂಖ್ಯೆ ಹಿಂದುಮುಂದಾದರೆ ದಿನವೇ ಕೆಟ್ಟ ಹಾಗೆ. ಈಗ ಎರಡು ವರ್ಷದಿಂದ ಪೇಪರು ನೇರ ನನ್ನ ಕೈಗೇ ಬರುತ್ತದೆ, ಪುಟಗಳೆಲ್ಲ ಕ್ರಮವಾಗಿರುತ್ತವೆ, ಓದಲು ಮನಸ್ಸೇ ಬರುವುದಿಲ್ಲ.

ತಪ್ಪು ನನ್ನದೇ. ಮಗಳ ನಿಶ್ಚಿತಾರ್ಥಕ್ಕೆ ನಾನು ಹೇಳಿಕೆ ಕೊಡಲು ಹೊರಟೆ. ನಮ್ಮಲ್ಲಿ ಹೇಳಿಕೆ ಎಂದರೆ ಮನೆಗೆ ಹೋಗಿ, ಕೂತು, ಬೆಲ್ಲ ನೀರು ಕುಡಿದು, ಇಂಥ ದಿನ ಇಂಥದ್ದು ಉಂಟು, ನೀವೆಲ್ಲ ಬರಬೇಕು ಎಂದು ಬಾಯಿಬಿಟ್ಟು ಕರೆಯುವುದು. ಸಂಪಾಜೆಯಲ್ಲಿರುವ ದೂರದ ನೆಂಟರ ಮನೆಗೂ ಬಸ್ಸಿನಲ್ಲಿ ಹೋಗಿ ಹೇಳಿ ಬಂದೆ. ಅವರು ಯಾವ ಲೆಕ್ಕದಲ್ಲಿ ನೆಂಟರು ಎಂಬುದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹೀಗೆ ಊರೂರು ತಿರುಗಿ ಕಾಲು ಸೋತು ಮನೆಗೆ ಬಂದವನು ವಾಟ್ಸಾಪಿನ ಕುಟುಂಬದ ಗುಂಪಿನಲ್ಲಿ ಕರೆಯೋಲೆ ಹಾಕಿದೆ. ಸುತ್ತ ಗುಲಾಬಿ ಹೂ, ಮೇಲೆ ಗಣಪತಿ, ಎಲ್ಲ ಇತ್ತು. ಅಣ್ಣನ ಮನೆಗೆ ಹೋಗಿ ಹೇಳಿದಿರಾ ಎಂದು ಜಯಂತಿ ಕೇಳಿದಳು. ಗುಂಪಿನಲ್ಲಿ ಹಾಕಿದ್ದೇನೆ, ಅವನು ನೋಡಿಯೂ ಆಯಿತು, ಎರಡು ನೀಲಿ ಗೆರೆ ಬಂತು ಎಂದೆ. ನಮ್ಮವನೇ ಅಲ್ಲವೇ ಎಂಬುದು ನನ್ನ ಧೈರ್ಯ.

ನಿಶ್ಚಿತಾರ್ಥಕ್ಕೆ ಅಣ್ಣ ಬರಲಿಲ್ಲ, ಅತ್ತಿಗೆಯೂ ಬರಲಿಲ್ಲ. ಸಂಪಾಜೆಯವರು ಒಂದು ಜೀಪು ಭರ್ತಿ ಬಂದಿದ್ದರು. ಅಣ್ಣ ಹಾಲಿನ ಸೊಸೈಟಿಯಲ್ಲಿ ಹೇಳಿದ ಮಾತು ಮರುದಿನ ನನ್ನ ಕಿವಿಗೆ ಬಿತ್ತು. "ಫೋನಿನಲ್ಲಿ ಕರೆದವನ ಮನೆಗೆ ಫೋನೇ ಹೋಗಿ ಊಟ ಮಾಡಿ ಬರ್ಲಿ." ಅಲ್ಲಿಂದ ಮುಂದೆ ಮಾತಿಲ್ಲ. ಅವನಾಗಿ ಬರಲಿ ಎಂದು ನಾನು, ನಾನಾಗಿ ಹೋಗಲಿ ಎಂದು ಅವನು. ಮಗಳ ಮದುವೆಯ ಹೇಳಿಕೆಗೆ ಜಯಂತಿಯೇ ಹೋದಳು. ನಾನು ಸಿಟ್ಟಿನಲ್ಲಿ ನಮ್ಮ ಗೇಟಿನ ತನಕ ಮಾತ್ರ ಹೋಗಿ ನಿಂತೆ. ಮದುವೆಯ ದಿನ ಅತ್ತಿಗೆ ಬಂದರು, ಅಣ್ಣನಿಗೆ ಕಾಲುನೋವು ಎಂದರು. ಅದೇ ಸಂಜೆ ಕಾಲುನೋವಿನವನು ತೆಂಗಿನಮರಕ್ಕೆ ಏಣಿ ಇಡುವುದನ್ನು ನಾನು ಕಿಟಕಿಯಿಂದ ಕಂಡಿದ್ದೇನೆ.

ಈಗ ಕಂಪ್ಯೂಟರಿಗೆ ಬರೋಣ. ಮೊದಲು ನಾನು ಸಾಫ್ಟ್‌ವೇರ್ ಹಾಕಿದ್ದು ಮನೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ. ಪ್ರಶ್ನೆಪತ್ರಿಕೆ ಟೈಪು ಮಾಡಿಕೊಂಡು ಹಾಯಾಗಿದ್ದ ಅದರ ತಲೆಯ ಮೇಲೆ ನಾಲ್ಕು ಕ್ಯಾಮೆರಾ ಕೂರಿಸಿದಾಗ ಅದರ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡತೊಡಗಿತು. ಅದು ಹಿಡಿದ ಚಿತ್ರದಲ್ಲಿ ಬೆಕ್ಕು ಬಾವಿಕಟ್ಟೆಯ ಈ ಕಡೆ ಇರುತ್ತಿತ್ತು, ಮರುಕ್ಷಣ ಆ ಕಡೆ ಇರುತ್ತಿತ್ತು, ನಡುವೆ ನಡೆದದ್ದು ಬೆಕ್ಕಿಗೇ ಗೊತ್ತು. ಅಣ್ಣ ತಡಮೆ ದಾಟುವ ಹೊತ್ತಿಗೆ ಹೀಗೆಯೇ ಆದರೆ ಏನು ಗತಿ ಎಂದು ನಾನು ಪುತ್ತೂರಿನ ಬಸ್ಸು ಹತ್ತಿದೆ.

ಅಶ್ರಫ್ ತಾಳ್ಮೆಯ ಮನುಷ್ಯ. ಪ್ರೊಸೆಸರ್ ಯಾವ ತಲೆಮಾರಿನದ್ದಿರಬೇಕು, ರ್ಯಾಮ್ ಎಷ್ಟು ಬೇಕು, ಗಾಳಿಗೆ ಆಡುವ ಎಲೆ ಯಾವುದು, ನಡೆದು ಬರುವ ಮನುಷ್ಯ ಯಾರು ಎಂದು ಸಾಫ್ಟ್‌ವೇರ್ ಗುರುತಿಸಬೇಕಾದರೆ ಎಷ್ಟು ಶಕ್ತಿ ಬೇಕು ಎಂದೆಲ್ಲ ವಿವರಿಸಿದ. ಅಂಗೈಯಷ್ಟೇ ದೊಡ್ಡ ಡಬ್ಬಿಯಂಥ ಕಂಪ್ಯೂಟರ್ ತೋರಿಸಿದ, ಕರೆಂಟು ಕಡಿಮೆ ಸಾಕು, ಇನ್ವರ್ಟರಿನಲ್ಲೂ ಓಡುತ್ತದೆ ಎಂದ. ಆದರೆ ಅದರೊಳಗೆ ದೊಡ್ಡ ಹಾರ್ಡ್ ಡಿಸ್ಕಿಗೆ ಜಾಗವಿಲ್ಲ. ದೊಡ್ಡ ಪೆಟ್ಟಿಗೆಯದ್ದಾದರೆ ಹಗಲಿರುಳು ಬರೆಯುವುದಕ್ಕೆಂದೇ ಮಾಡಿದ ಡಿಸ್ಕು ಎರಡು ಹಾಕಬಹುದು. ನಾನು ಎಲ್ಲದಕ್ಕೂ ತಲೆಯಾಡಿಸುತ್ತಿದ್ದೆ. ಮಕ್ಕಳು ಏನೂ ಅರ್ಥವಾಗದೆ ತಲೆಯಾಡಿಸುವುದನ್ನು ಮೂವತ್ತು ವರ್ಷ ಕಂಡವನಿಗೆ ಅದು ಚೆನ್ನಾಗಿಯೇ ಬರುತ್ತದೆ. ಕೊನೆಗೆ ಅವನು ಪೆನ್ನು ಕೆಳಗಿಟ್ಟು ಕೇಳಿದ.

"ಮಾಷ್ಟ್ರೆ, ಎಷ್ಟು ದಿನ ಹಿಂದಿನದ್ದು ನಿಮಗೆ ನೋಡ್ಲಿಕ್ಕೆ ಸಿಗಬೇಕು? ಅದು ಹೇಳಿದ್ರೆ ಉಳಿದದ್ದು ನಾನು ನೋಡಿಕೊಳ್ತೇನೆ."

ಹದಿನೈದು ದಿನವೋ, ತಿಂಗಳೋ ಎಂಬ ಅರ್ಥದಲ್ಲಿ ಅವನು ಕೇಳಿದ್ದು. ಎರಡು ವರ್ಷ ಹಿಂದಿನದ್ದು ಸಿಕ್ಕಿದರೆ ಸಾಕು ಎಂದು ನನ್ನ ಬಾಯಿಗೆ ಬಂದೇ ಬಿಟ್ಟಿತ್ತು. ಆ ಕರೆಯೋಲೆ ಹಾಕುವ ಹಿಂದಿನ ದಿನ ಬೆಳಿಗ್ಗೆ ಏಳು ಗಂಟೆ, ಜಗಲಿ, ಕಾಫಿ, ತಪ್ಪಾಗಿ ಮಡಚಿದ ಪೇಪರು. ಅದನ್ನು ತೋರಿಸುವ ಡಿಸ್ಕು ಅಶ್ರಫ್‌ನಲ್ಲಿ ಇರಲಿಕ್ಕಿಲ್ಲ ಎಂದು ನೆನಪಾಗಿ, ಯೋಚಿಸಿ ಹೇಳುತ್ತೇನೆ ಎಂದೆ. ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ದೊಡ್ಡ ಪೆಟ್ಟಿಗೆಯನ್ನೇ ಕಟ್ಟಿಕೊಟ್ಟ.

ಹೊಸ ಕಂಪ್ಯೂಟರ್ ದೇವರಕೋಣೆಯ ಪಕ್ಕದಲ್ಲಿ ಕೂತಿತು. ಜಯಂತಿ ಅದಕ್ಕೂ ಒಂದು ಕುಂಕುಮದ ಬೊಟ್ಟು ಇಟ್ಟಳು. ಇಪ್ಪತ್ತನಾಲ್ಕು ಗಂಟೆ ನಿಲ್ಲಿಸಬಾರದ ಯಂತ್ರ ಅದು ಎಂದು ನಾನೂ, ಗುಡುಗು ಕೇಳಿದರೆ ಪ್ಲಗ್ಗು ಎಳೆಯದೆ ಬಿಡುವವಳಲ್ಲ ಎಂದು ಅವಳೂ ವಾದಿಸಿದೆವು. ಸಿಡಿಲಿಗೆ ಮೂರು ಟಿವಿ ಕಳೆದುಕೊಂಡ ಮನೆಯಲ್ಲಿ ಯಾರ ವಾದ ಗೆಲ್ಲುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಗುರುತಿಸುವ ವಿಷಯದಲ್ಲಿ ಯಂತ್ರ ಚುರುಕಾಗಿತ್ತು, ಸ್ವಲ್ಪ ಹೆಚ್ಚೇ ಚುರುಕಾಗಿತ್ತು. ಬಸಳೆ ಚಪ್ಪರದ ಬಳಿ ಹುಲ್ಲು ತುಂಬಿಸಿ, ಅಂಗಿ ತೊಡಿಸಿ ನಿಲ್ಲಿಸಿದ ಬೆರ್ಚಪ್ಪನನ್ನು ಮನುಷ್ಯ ಎಂದು ದಿನಕ್ಕೆ ಇನ್ನೂರು ಸಲ ವರದಿ ಮಾಡಿತು. ಕೊನೆಗೆ ಬೆರ್ಚಪ್ಪನ ಅಂಗಿ ಬಿಚ್ಚಬೇಕಾಯಿತು.

ಡಿಸ್ಕು ತುಂಬಿದರೆ ಹಳೆಯದನ್ನು ಅಳಿಸಿ ಅದರ ಮೇಲೆಯೇ ಹೊಸದು ಬರೆಯುವುದು ಆ ಸಾಫ್ಟ್‌ವೇರಿನ ಕ್ರಮ. ತಡಮೆಯದ್ದು ಅಳಿಯಬಾರದು ಎಂದು ನಾನು ಲೆಕ್ಕ ಹಾಕಿ, ಎದುರು ಗೇಟಿನ ಕ್ಯಾಮೆರಾವನ್ನು ನಿಲ್ಲಿಸಿಬಿಟ್ಟೆ. ಗೇಟಿನಲ್ಲಿ ಬರುವವರು ಯಾರು? ಗ್ಯಾಸಿನವರು, ಚುನಾವಣೆಯವರು. ನಮ್ಮವರೆಲ್ಲ ಬೇಲಿ ದಾಟಿ ಅಡಿಗೆಮನೆ ಕಡೆಯಿಂದಲೇ ಬರುವುದು. ಕಳ್ಳರಿಗಾಗಿ ಇಟ್ಟ ಕ್ಯಾಮೆರಾಗಳಲ್ಲಿ ಗೇಟಿನದ್ದನ್ನೇ ನಿಲ್ಲಿಸಿದ್ದಾರೆ ಎಂದು ಜಯಂತಿ ತನ್ನ ತಂಗಿಯೊಡನೆ ಫೋನಿನಲ್ಲಿ ಹೇಳುತ್ತಿದ್ದುದು ನನಗೆ ಕೇಳಿಸಿತು, ಕೇಳಿಸದವನಂತೆ ಇದ್ದೆ.

ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಪರದೆಯ ಮೂಲೆಯಲ್ಲಿ ಒಂದು ಸಾಲು ಕಂಡಿತು. ತಡಮೆ, ಮನುಷ್ಯ, ಆರು ಐವತ್ತೆರಡು. ಹಿಂದಿನ ದಿನಗಳದ್ದು ತೆಗೆದು ನೋಡಿದರೆ ದಿನಾ ಉಂಟು. ಆರು ಐವತ್ತು, ಆರು ನಲವತ್ತೊಂಬತ್ತು, ಆರು ಐವತ್ತೊಂದು. ತೆರೆದೆ. ಮಂಜಿನಲ್ಲಿ ಬಿಳಿ ಪಂಚೆ, ಹೆಗಲ ಮೇಲೆ ಮೈ ಒರೆಸುವ ಬೈರಾಸು. ಅಣ್ಣನದ್ದೇ ನಡಿಗೆ, ಎಡಗಾಲು ತುಸು ಎಳೆದು ಹಾಕುವ ನಡಿಗೆ. ಬಂದು ಕಂಬದ ಮೇಲೆ ಕೈಯಿಟ್ಟು, ನಾಲ್ಕು ನಿಮಿಷ ಸುಮ್ಮನೆ ನಿಂತು, ಹಿಂದೆ ಹೋಗುತ್ತಾನೆ. ನನಗೆ ಕಣ್ಣು ತುಂಬಿ ಬಂತು. ಅಣ್ಣ ದಿನಾ ಬಂದು ಹೋಗುತ್ತಿದ್ದಾನೆ ಎಂದು ಜಯಂತಿಯನ್ನು ಕೂಗಿದೆ. ಅವಳು ಕೈ ಒರೆಸಿಕೊಂಡು ಬಂದು, ಕನ್ನಡಕ ಹಾಕಿ ನೋಡಿದಳು.

"ಅದು ನೀವು," ಎಂದಳು. "ಆ ಪಂಚೆ ನಿನ್ನೆ ನಾನೇ ಒಗೆದದ್ದು."

ಪೂಜೆಗೆ ಹೂ ತರುತ್ತೇನೆ ಎಂದು ನಾನು ದಿನಾ ಬೆಳಿಗ್ಗೆ ಆ ಕಡೆ ಹೋಗುವುದು ನಿಜ. ತಡಮೆಯ ಪಕ್ಕ ಒಂದು ದಾಸವಾಳದ ಗಿಡ ಉಂಟು. ಪರದೆಯ ಮೇಲಿದ್ದವನು ಗಿಡದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಾನು ಅಣ್ಣನ ಹಾಗೆಯೇ ನಡೆಯತೊಡಗಿ ಎಷ್ಟು ಕಾಲವಾಯಿತೋ, ಯಾರೂ ನನಗೆ ಹೇಳಿರಲಿಲ್ಲ.

ಆ ವಾರವೇ ಸಿಡಿಲಿನ ದೆಸೆಯಿಂದ ಏನೋ ಕೆಟ್ಟು ಅಶ್ರಫ್ ಮನೆಗೆ ಬಂದ. ರಿಪೇರಿ ಮುಗಿಸಿ, ಚಹಾ ಕುಡಿಯುತ್ತಾ, ಹೇಳಬೇಕೋ ಬೇಡವೋ ಎಂಬಂತೆ ಬೇಲಿಯ ಆಚೆ ನೋಡಿದ. "ಬೇಜಾರು ಮಾಡಬೇಡಿ ಮಾಷ್ಟ್ರೆ. ನಿಮಗಿಂತ ಮೊದಲು ನಿಮ್ಮ ಅಣ್ಣನವರಿಗೂ ನಾನೇ ಹಾಕಿ ಕೊಟ್ಟದ್ದು. ಅಲ್ಲಿ ದನದ ಹಟ್ಟಿಯ ಮಾಡಿನ ಕೆಳಗೆ ಕ್ಯಾಮೆರಾ ಉಂಟು ನೋಡಿ, ಈ ತಡಮೆಗೇ ಮುಖ ಮಾಡಿ. ಎಷ್ಟು ದಿನ ಹಿಂದಿನದ್ದು ಬೇಕು ಅಂತ ಕೇಳಿದ್ರೆ ಅವರೂ ಉತ್ತರ ಹೇಳ್ಲಿಲ್ಲ."

ಅಂದರೆ ಅಣ್ಣ ನನ್ನನ್ನು ದಿನಾ ನೋಡುತ್ತಿದ್ದ. ನಾಲ್ಕು ನಿಮಿಷ ನಿಂತು ಹೂ ಕೊಯ್ಯದೆ ಹೋಗುವವನನ್ನು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಏನೋ ಹಗುರವಾಯಿತು.

ಮರುದಿನ ಒಗೆದ ಅಂಗಿ ಹಾಕಿ, ಕಂಬ ಹಿಡಿದು, ತಡಮೆ ದಾಟಿದೆ. ಅಣ್ಣ ಜಗಲಿಯಲ್ಲಿದ್ದ. ಅತ್ತಿಗೆ ಏನೂ ಕೇಳದೆ ಬೆಲ್ಲ ನೀರು ತಂದಿಟ್ಟು ಒಳಗೆ ಹೋದರು. ಅಣ್ಣ ನನ್ನ ಮುಖ ನೋಡದೆ ಅಂಗಳಕ್ಕೆ ಹೇಳಿದ.

"ಹೂ ಕೊಯ್ಯುದಾದ್ರೆ ಕೊಯ್ಯಬೇಕು. ದಿನಾ ಬಂದು ಕಂಬ ಹಿಡಿದು ನಿಂತು ಹೋಗುದು ಎಂತಕ್ಕೆ?"

"ಹೇಳಿಕೆ ಕೊಡ್ಲಿಕ್ಕೆ ಬಂದದ್ದು."

"ಎಂತ ಉಂಟು ನಿನ್ನ ಮನೆಯಲ್ಲಿ?"

ಏನೂ ಇರಲಿಲ್ಲ. ಮಗಳ ಮದುವೆಯೂ ಆಗಿ ಹೋಗಿತ್ತು. "ನಾಳೆ ಬೆಳಿಗ್ಗೆ ಏಳಕ್ಕೆ ಕಾಫಿ," ಎಂದೆ. "ನೀನು ಬರಬೇಕು."

ಅಣ್ಣ ಮತ್ತೆ ಅಂಗಳದ ಕಡೆ ತಿರುಗಿದ. "ನೋಡುವಾ," ಎಂದ.

ಮರುದಿನ ಆರೂವರೆಗೆ ನಾನು ಕಂಪ್ಯೂಟರಿನ ಮುಂದೆ ಕೂತೆ. ತಡಮೆಯ ಚಿತ್ರವನ್ನು ಪರದೆ ತುಂಬ ದೊಡ್ಡದು ಮಾಡಿದೆ. ಅವನು ಕಲ್ಲು ಹತ್ತಿ, ಕಂಬ ಹಿಡಿದು, ಈಚೆ ಕಾಲಿಡುವುದನ್ನು ನೋಡಬೇಕು, ಅದನ್ನು ಎಂದೂ ಅಳಿಯದಂತೆ ಉಳಿಸಬೇಕು ಎಂದು ಅಶ್ರಫ್‌ನಿಂದ ಕ್ರಮವನ್ನೂ ಕೇಳಿ ಬರೆದಿಟ್ಟುಕೊಂಡಿದ್ದೆ. ಏಳಾಯಿತು. ಒಂದು ಕೆಂಬೂತ ಬಂದು ಕಂಬದ ಮೇಲೆ ಕೂತು ಹೋಯಿತು. ಏಳೂ ಹತ್ತಾಯಿತು. ಬರುವುದಿಲ್ಲ ಎಂದು ನನಗೆ ಖಚಿತವಾಯಿತು. ಎರಡು ವರ್ಷವನ್ನು ಒಂದು ಲೋಟ ಕಾಫಿಯಲ್ಲಿ ಮುಗಿಸುವ ಆಸೆ ಇಟ್ಟುಕೊಂಡದ್ದೇ ತಪ್ಪು ಎನಿಸಿತು.

ಆಗ ಜಯಂತಿ ಬಾಗಿಲಲ್ಲಿ ನಿಂತು, ಯಾರ ದಾರಿ ಕಾಯುವುದು, ಭಾವ ಬಂದು ಕಾಲು ಗಂಟೆಯಾಯಿತು, ಎರಡನೇ ಲೋಟ ಕಾಫಿ ಕುಡಿಯುತ್ತಿದ್ದಾರೆ ಎಂದಳು. ಓಡಿದೆ. ಅಣ್ಣ ಜಗಲಿಯ ತನ್ನ ಹಳೆಯ ಜಾಗದಲ್ಲಿ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಹೆಗಲಲ್ಲಿ ಜರಿಯ ಶಾಲು. ಹೇಳಿಕೆ ಬಂದ ಮೇಲೆ ಬೇಲಿ ದಾಟಿ ಬರುವುದು ಮರ್ಯಾದೆಯಲ್ಲ ಎಂದು, ಮಾರ್ಗದಲ್ಲಿ ಸುತ್ತು ಹಾಕಿ, ಎದುರು ಗೇಟಿನಲ್ಲೇ ಬಂದಿದ್ದ.

ಪೇಪರು ಓದಿ ಮುಗಿಸಿದ್ದ. ನಾನು ಕೂತು ಅದನ್ನು ಕೈಗೆತ್ತಿಕೊಂಡು ಮುಖಪುಟ ಹುಡುಕಿದೆ, ಸಿಗಲಿಲ್ಲ. ನಮ್ಮ ಕಂಪ್ಯೂಟರಿನಲ್ಲಿ ಆ ದಿನದ ಬೆಕ್ಕು ಉಂಟು, ಕೆಂಬೂತ ಉಂಟು, ಅಂಗಿಯಿಲ್ಲದ ಬೆರ್ಚಪ್ಪ ಉಂಟು. ಅಣ್ಣ ಗೇಟು ತೆಗೆದು ಒಳಗೆ ಬಂದದ್ದು ಮಾತ್ರ ಎಷ್ಟು ಹಿಂದಕ್ಕೆ ಹೋಗಿ ಹುಡುಕಿದರೂ ಸಿಗುವುದಿಲ್ಲ.