ಗಟ್ಟಿ ಚಿಲಕದ ಮನೆ ಬಾಡಿಗೆಗಿದೆ

ಬಚ್ಚಲಮನೆಯ ಚಿಲಕ ಕಿತ್ತುಹೋಗಿ ಏಳು ವರ್ಷವಾಗಿತ್ತು. ಅದರ ಜಾಗದಲ್ಲಿ ಒಂದು ದಾರ. ಒಳಗೆ ಹೋದವರು ಒಂದು ಕೈಯಲ್ಲಿ ದಾರ ಎಳೆದು ಹಿಡಿದು, ಇನ್ನೊಂದು ಕೈಯಲ್ಲಿ ಸ್ನಾನ ಮಾಡಬೇಕು. ಆ ಭಾನುವಾರ ಬೆಳಿಗ್ಗೆ ದಾರವೂ ತುಂಡಾಯಿತು.

"ರೀ, ದಾರ ಹೋಯ್ತು," ಎಂದಳು ಹೆಂಡತಿ.

"ನಾಳೆ ನೋಡೋಣ," ಎಂದರು ನಾಳೆರಾಯರು.

ಅವರಿಗೆ ಆ ಹೆಸರಿಟ್ಟವರು ಗ್ರಂಥಾಲಯದ ಸಹೋದ್ಯೋಗಿಗಳು. ಹರಿದ ಪುಸ್ತಕ, ಮುರಿದ ಕುರ್ಚಿ, ಯಾವುದನ್ನು ತೋರಿಸಿದರೂ ಅವರ ಬಾಯಲ್ಲಿ ಬರುತ್ತಿದ್ದುದು ಅದೊಂದೇ ಮಾತು. ಆದರೆ ಇವತ್ತು ಮಾತ್ರ ನಾಳೆ ಎನ್ನುವ ಹಾಗಿರಲಿಲ್ಲ. ಅವರನ್ನು ಸಾಕಿ ಬೆಳೆಸಿದ ಸೋದರತ್ತೆ ಹೋದ ವರ್ಷ ತೀರಿಕೊಂಡು, ಎರಡು ಬೀದಿಯಾಚೆಯ ತನ್ನ ಪುಟ್ಟ ಮನೆಯನ್ನು ಇವರಿಗೂ ಇವರಕ್ಕನಿಗೂ ಬಿಟ್ಟುಹೋಗಿದ್ದಳು. ಅಕ್ಕ ಬೆಳಿಗ್ಗೆಯೇ ಫೋನಿನಲ್ಲಿ ಮತ್ತೊಮ್ಮೆ ಖಡಾಖಂಡಿತವಾಗಿ ಹೇಳಿದ್ದಳು: "ಇವತ್ತು ಸಂಜೆ ಆರರೊಳಗೆ ಬಾಡಿಗೆಗೆ ಹೋಗ್ಲಿಲ್ಲ ಅಂದ್ರೆ ನಾಳೆ ಮಾರೋದೇ ಕಣೋ. ನಿನ್ನ ನಾಳೆ ಅಲ್ಲ, ಕ್ಯಾಲೆಂಡರಿನ ನಾಳೆ!"

ಕೊಳ್ಳುವವನು ಅದನ್ನು ಕೆಡವಿ ಗೋದಾಮು ಕಟ್ಟುವವನಿದ್ದ. ಆ ಮನೆಯ ಬಾಗಿಲ ಚೌಕಟ್ಟಿನ ಮೇಲೆ, ಇವರು ಹುಡುಗನಾಗಿದ್ದಾಗ ಪ್ರತಿ ವರ್ಷ ನಿಲ್ಲಿಸಿ ಎತ್ತರ ಅಳೆದು ಅತ್ತೆ ಎಳೆದ ಪೆನ್ಸಿಲ್ ಗೆರೆಗಳು ಈಗಲೂ ಇದ್ದವು. ಅವು ಬುಲ್ಡೋಜರಿನ ಬಾಯಿಗೆ ಬೀಳುವುದನ್ನು ನೆನೆಸಿಕೊಳ್ಳಲೂ ನಾಳೆರಾಯರಿಂದ ಆಗುತ್ತಿರಲಿಲ್ಲ. ಹಾಗಾಗಿ, ಸ್ವಂತ ಸಂಸಾರದಲ್ಲಿ ಹದಿನಾರು ವರ್ಷ ಮಾಡಿಸದ ಕೆಲಸವನ್ನೆಲ್ಲ ಆ ಮನೆಗೆ ಹತ್ತೇ ದಿನದಲ್ಲಿ ಮಾಡಿಸಿದ್ದರು.

ಜಾಹೀರಾತು ಬರೆಯಲು ಹೆಂಡತಿಯನ್ನೇ ಕೂರಿಸಿಕೊಂಡರು. ಇವರ ಅಕ್ಷರ ಕೋಳಿ ಕೆದರಿದ ಹಾಗೆ, ಅವಳದು ಪೋಣಿಸಿದ ಮುತ್ತು. ಬಟ್ಟೆ ಹೊಲಿಯುತ್ತಿದ್ದವಳು ಯಂತ್ರ ನಿಲ್ಲಿಸಿ ಪೆನ್ನು ಹಿಡಿದಳು.

"ಬರಿ. ಅಡಿಗೆಮನೆಗೆ ಪೂರ್ವಕ್ಕೆ ಹೊಸ ಕಿಟಕಿ."

ಕಿಟಕಿಯೇ ಇಲ್ಲದ ತನ್ನ ಅಡಿಗೆಮನೆಯ ಕಡೆ ಒಮ್ಮೆ ನೋಡಿ ಅವಳು ಬರೆದಳು.

"ಒಂದು ಹನಿಯೂ ಸೋರದ ನಲ್ಲಿ. ಬಚ್ಚಲಿಗೆ ಗಟ್ಟಿ ಚಿಲಕ."

ಒಳಗೆ ಇವರ ಮನೆಯ ನಲ್ಲಿ ಟಪ್ ಟಪ್ ಎನ್ನುತ್ತಿತ್ತು.

"ಮಾಲೀಕರು ಒಳ್ಳೆಯವರು ಅಂತ ಬರೀಲಾ?"

"ಅದನ್ನ ಮೊದಲು ಬರಿ!"

ಹೊರಡುವಾಗ, ಅತ್ತೆಯ ಮನೆ ಲಕ್ಷಣವಾಗಿ ಕಾಣಲೆಂದು, ಅವಳು ಹೊಲಿಗೆಗೆ ಇಟ್ಟುಕೊಂಡಿದ್ದ ಮೇಜುದೀಪವನ್ನೂ ಕಂಕುಳಲ್ಲಿ ಇರುಕಿಕೊಂಡರು. "ಸಂಜೆ ತಂದುಕೊಡ್ತೀನಿ ಕಣೇ." ಮೋಡ ಕವಿದ ದಿನ. ಅವಳು ಸೂಜಿಯನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು ದಾರ ಪೋಣಿಸತೊಡಗಿದಳು.

ಮೂಲೆಯ ದಲ್ಲಾಳಿಗೆ ಜಾಹೀರಾತು ಕೊಟ್ಟು, ಮನೆಯ ಬಾಗಿಲು ತೆಗೆದು ಕೂತರು. ಮೊದಲು ಬಂದವರು ಹೊಸದಾಗಿ ಮದುವೆಯಾದ ಜೋಡಿ. ಹುಡುಗಿಗೆ ಕೋಣೆ ಮನಸ್ಸಿಗೆ ಬಂದಿತ್ತು. ಅಷ್ಟರಲ್ಲಿ ಎದುರುಮನೆ ಅಜ್ಜಿ ಕೋಲೂರಿಕೊಂಡು ಒಳಗೆ ಬಂದಳು.

"ಇದೇ ಕೋಣೆ ಕಣಮ್ಮ, ಇವನ ಅತ್ತೆ ಹೋಗಿದ್ದು. ನೀನು ನಿಂತಿದೀಯಲ್ಲ, ಅಲ್ಲೇ ಮಂಚ."

ಹುಡುಗಿ ಬಿಸಿ ಬಾಣಲೆ ತುಳಿದವಳಂತೆ ಕಾಲೆತ್ತಿದಳು. ಜೋಡಿ ಬೀದಿ ಸೇರಿತು.

"ಅಜ್ಜಿ, ನಿಮಗೆ ಕೈ ಮುಗೀತೀನಿ, ಸ್ವಲ್ಪ ಸುಮ್ನಿರಿ."

"ನಾನೇನು ಸುಳ್ಳು ಹೇಳಿದ್ನೇನೋ? ನಾನೇ ಅಲ್ವಾ ಅವಳ ಕಣ್ಣು ಮುಚ್ಚಿದ್ದು?"

ನಾಳೆರಾಯರು ಮೇಜುದೀಪದ ಧೂಳು ಒರೆಸತೊಡಗಿದರು. ಅವತ್ತು ಅವರು ನಾಳೆ ಬಂದು ನೋಡುತ್ತೇನೆಂದು ಹೇಳಿಕಳಿಸಿದ್ದರು.

ಎರಡನೆಯವರು ನಿವೃತ್ತ ಹೆಡ್‌ಮಾಸ್ಟರು. ಗೋಡೆ ತಟ್ಟಿದರು, ನಲ್ಲಿ ತಿರುಗಿಸಿದರು, ಜಾಹೀರಾತಿನ ಮೇಲೆ ಬೆರಳಿಟ್ಟರು. "ಗಟ್ಟಿ ಚಿಲಕ ಅಂತಿದೆ. ಎಷ್ಟು ಗಟ್ಟಿ?"

"ನೀವೇ ನೋಡಿ ಸಾರ್!" ನಾಳೆರಾಯರು ಹುಮ್ಮಸ್ಸಿನಿಂದ ಬಚ್ಚಲೊಳಗೆ ನುಗ್ಗಿ ಚಿಲಕ ಜಡಿದರು. "ನೂಕಿ ಸಾರ್!"

ಹೆಡ್‌ಮಾಸ್ಟರು ಭುಜ ಕೊಟ್ಟು ನೂಕಿದರು. ಬಾಗಿಲು ಅಲ್ಲಾಡಲಿಲ್ಲ. "ಭೇಷ್! ಈಗ ತೆಗೀರಿ."

ಚಿಲಕವೂ ಅಲ್ಲಾಡಲಿಲ್ಲ. ಎಳೆದರು, ತಿರುಚಿದರು, ತಂಬಿಗೆಯಿಂದ ಕುಟ್ಟಿದರು. ಕಾಲು ಗಂಟೆ ಕಾದ ಹೆಡ್‌ಮಾಸ್ಟರು, "ಒಳಗೆ ಹೋಗೋಕೆ ಮನೆ ಚೆನ್ನಾಗಿದೆ," ಎಂದು ಹೇಳಿ ಹೊರಟುಹೋದರು.

ಅಜ್ಜಿ ಬಚ್ಚಲ ಬಾಗಿಲಿಗೆ ಕುರ್ಚಿ ಎಳೆದುಕೊಂಡು ಕೂತಳು. ಮನೆ ನೋಡಲು ಒಬ್ಬೊಬ್ಬರಾಗಿ ಜನ ಬರುತ್ತಿದ್ದರು.

"ಮಾಲೀಕರು ಎಲ್ಲಿ ಅಜ್ಜಿ?"

"ಬಚ್ಚಲಲ್ಲಿದಾನೆ. ಬೆಳಿಗ್ಗೆಯಿಂದ."

ಬಂದವರು ಮೂಗು ಮುಚ್ಚಿಕೊಂಡು ಹಿಂದಿರುಗುತ್ತಿದ್ದರು. ಹೀಗೆ ನಾಲ್ಕು ಸಂಸಾರಗಳು ಬಂದು ಹೋದದ್ದನ್ನು ನಾಳೆರಾಯರು ಮಗುಚಿದ ಬಕೆಟ್ಟಿನ ಮೇಲೆ ಕೂತು ಕೇಳಿಸಿಕೊಂಡರು.

"ನಿನ್ನ ಹೆಂಡ್ತಿಗೆ ಹೇಳಿಕಳಿಸಿದೀನಿ," ಎಂದಳು ಅಜ್ಜಿ.

ಸ್ವಲ್ಪ ಹೊತ್ತಿಗೆ ಪರಿಚಿತ ಹೆಜ್ಜೆ ಸದ್ದು. ಅದು ಬಚ್ಚಲ ಕಡೆ ಬರಲಿಲ್ಲ, ಅಡಿಗೆಮನೆಗೆ ಹೋಯಿತು. ಕಿಟಕಿ ತೆರೆದ ಸದ್ದು. ನಲ್ಲಿ ತಿರುಗಿಸಿದ ಸದ್ದು, ನಿಲ್ಲಿಸಿದ ಸದ್ದು. ಆಮೇಲೆ ಮತ್ತೆ ಕಿಟಕಿ ಮುಚ್ಚಿ ತೆರೆದ ಸದ್ದು. ನಾಳೆರಾಯರಿಗೆ ಆಗ ನೆನಪಾಯಿತು, ಹತ್ತು ದಿನದಲ್ಲಿ ಒಮ್ಮೆಯೂ ಅವಳನ್ನು ಇಲ್ಲಿಗೆ ಕರೆತಂದಿರಲಿಲ್ಲ.

"ಇದೇನಾ ನಾನು ಬರೆದ ಕಿಟಕಿ?" ಅವಳ ದನಿ ಮೆತ್ತಗಿತ್ತು.

"ಹೂಂ ಕಣೇ, ಚೆನ್ನಾಗಿದೆ ಅಲ್ವಾ? ಬೇಗ ಬಡಗೀನ ಕರೆಸು."

"ಕರೆಸ್ತೀನಿ," ಎಂದಳು. ಹೆಜ್ಜೆಗಳು ಹೊರಟುಹೋದವು.

ಬಡಗಿ ಬಂದು ಅವರನ್ನು ಹೊರಗೆಳೆದು, ಚಿಲಕ ಉಜ್ಜಿ ಎಣ್ಣೆ ಬಿಟ್ಟು ಸರಿಮಾಡುವಾಗ ಐದೂವರೆ. ನಾಳೆರಾಯರು ಪೆನ್ಸಿಲ್ ಗೆರೆಗಳ ಮುಂದೆ ನಿಂತರು. ಎಲ್ಲಕ್ಕಿಂತ ಕೆಳಗಿನ ಗೆರೆ ಅವರ ತೊಡೆಯ ಎತ್ತರಕ್ಕಿತ್ತು. ಬೆರಳಿಂದ ಅದನ್ನು ಸವರುತ್ತಿದ್ದಾಗ ದಲ್ಲಾಳಿ ಏದುಸಿರು ಬಿಡುತ್ತ ಬಂದ.

"ಸಾರ್, ಬಾಡಿಗೆಗೆ ಹೋಯ್ತು! ಒಂಟಿ ಹೆಂಗಸು. ಮುಂಗಡ ತಂದಿದೀನಿ. ಇವತ್ತೇ ಬರ್ತಾರಂತೆ."

"ಇವತ್ತೇ? ಯಾಕೆ ಅಷ್ಟು ಅವಸರ?"

"ಈಗಿರೋ ಮನೇಲಿ ಬಾಯಿಬಿಟ್ಟು ಕೇಳಿದ್ರೂ ಒಂದು ಮೊಳೆ ಹೊಡೆಸಿಕೊಡಲ್ವಂತೆ ಸಾರ್."

"ಥೂ! ಎಂಥೆಂಥಾ ಜನ ಇರ್ತಾರಪ್ಪ!" ಎಂದರು ನಾಳೆರಾಯರು, ಮನಸಾರೆ.

"ಹನ್ನೊಂದು ತಿಂಗಳ ಒಪ್ಪಂದ. ಅವರು ಒಂದೆರಡು ಷರತ್ತು ಬರೆಸಿದಾರೆ. ಓದಿ ಸಹಿ ಹಾಕಿ."

ಗಡಿಯಾರದಲ್ಲಿ ಆರಕ್ಕೆ ಹತ್ತು ನಿಮಿಷ. "ನಾಳೆ ಓದಿದ್ರಾಯ್ತು," ಎಂದು ನಾಳೆರಾಯರು ಸಹಿ ಹಾಕಿ, ಬೀಗದಕೈ ಅವನಿಗೆ ಕೊಟ್ಟು, ತಮ್ಮ ಪ್ರತಿಯನ್ನು ಮಡಚಿ ಜೇಬಿಗಿಟ್ಟರು. ಅಕ್ಕನಿಗೆ ಫೋನ್ ಮಾಡಿದರು. ಅಕ್ಕ ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡಳು. "ಒಂದು ಕೆಲಸ ಆದ್ರೂ ಹೊತ್ತಿಗೆ ಸರಿಯಾಗಿ ಮಾಡ್ದೆಯಲ್ಲೋ!"

ಖುಷಿಯಲ್ಲಿ ಹೋಟೆಲಿನಲ್ಲಿ ಕಾಫಿ ಕುಡಿದು, ಸಿಕ್ಕವರಿಗೆಲ್ಲ ಸುದ್ದಿ ಹೇಳಿ, ಎರಡು ಗಂಟೆ ಬಿಟ್ಟು ಮನೆಗೆ ಬರುವಾಗ ಹಾರ್ಡ್‌ವೇರ್ ಅಂಗಡಿ ಕಂಡಿತು. ಅವಳಿಗೂ ಒಂದು ಚಿಲಕ ಒಯ್ಯಬೇಕು ಅನ್ನಿಸಿತು. ಅಂಗಡಿಯವನು ಬಾಗಿಲು ಹಾಕುತ್ತಿದ್ದ. ಪಾಪ, ಯಾಕೆ ತೊಂದರೆ, ನಾಳೆ ತಂದರಾಯಿತು ಎಂದುಕೊಂಡು ಮುಂದೆ ನಡೆದರು.

ಮನೆಯಲ್ಲಿ ದೀಪ ಹಚ್ಚಿರಲಿಲ್ಲ; ತಾವೇ ಹಚ್ಚಿದರು. ಮೇಜಿನ ಮೇಲೆ ಒಬ್ಬರ ಊಟ ಮುಚ್ಚಿಟ್ಟಿತ್ತು. ಹೊಲಿಗೆಯಂತ್ರ ಇದ್ದ ಕಡೆ ನೆಲದ ಮೇಲೆ ನಾಲ್ಕು ಗುರುತು. ಬಚ್ಚಲ ಬಾಗಿಲಿಗೆ ಹೊಸ ದಾರ ಕಟ್ಟಿತ್ತು, ಗಂಟು ಭದ್ರವಾಗಿತ್ತು.

ನಾಳೆರಾಯರು ಮಂಕು ಬಲ್ಬಿನ ಕೆಳಗೆ ನಿಂತು ಒಪ್ಪಂದವನ್ನು ಬಿಡಿಸಿದರು. ಮಾಲೀಕರು ಹೇಳದೆ ಕೇಳದೆ ಬರುವಂತಿಲ್ಲ. ಏನೇ ಕೆಟ್ಟರೂ ಅದೇ ದಿನ ರಿಪೇರಿ ಮಾಡಿಸಬೇಕು. ಅದರ ಕೆಳಗೆ ಬಾಡಿಗೆದಾರಳ ಸಹಿ, ಪೋಣಿಸಿದ ಮುತ್ತು.

ಬಿದ್ದೆನೋ ಕೆಟ್ಟೆನೋ ಎಂದು ಓಡಿದರು. ಅತ್ತೆಯ ಮನೆಯ ಕಿಟಕಿಯಲ್ಲಿ ಮೇಜುದೀಪ ಉರಿಯುತ್ತಿತ್ತು. ಒಳಗೆ ಹೊಲಿಗೆಯಂತ್ರದ ಸದ್ದು. ಬಾಗಿಲು ಬಡಿದರು.

"ಒಳಗಿದ್ರೂ ಬಾಗಿಲು ಬಡೀತೀಯ, ಹೊರಗಿದ್ರೂ ಬಡೀತೀಯಲ್ಲೋ!" ಎಂದಳು ಎದುರುಮನೆ ಅಜ್ಜಿ.

ಯಂತ್ರ ನಿಂತಿತು. ಬಾಗಿಲು ನಾಲ್ಕು ಬೆರಳಗಲ ತೆರೆಯಿತು.

"ಊಟ ಮಾಡಿದ್ರಾ?"

"ಮನೆಗೆ ಬಾರೇ. ನಾಳೆ ಬೆಳಿಗ್ಗೆ ಎದ್ದವನೇ ಬಚ್ಚಲಿಗೆ ಚಿಲಕ ಹಾಕಿಸ್ತೀನಿ. ಆಣೆ ಮಾಡಿ ಹೇಳ್ತೀನಿ."

ಅವಳು ಅವರನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವರಿಗೆ ಎಷ್ಟೋ ವಾಸಿಯಿತ್ತು.

"ಅವಸರ ಏನಿಲ್ಲ ರೀ," ಎಂದಳು. "ಹನ್ನೊಂದು ತಿಂಗಳಿದೆ. ನಿಧಾನವಾಗಿ ಹಾಕ್ಸಿ."