ಕೋಳಿಗೂಡಿನ ಕಾವಲಿಗೆ ಬಂದಿದ್ದ ಪಕ್ಕದ ಮನೆಯ ಪಾಪುವಿಗೆ

ಮಾನ್ಯರೇ,

ನಾಲ್ಕು ಕಾಲು, ಒಂದು ಬಾಲ ಮತ್ತು ಅಪಾರ ಹಸಿವಿನೊಂದಿಗೆ ಪಕ್ಕದ ಮನೆಯನ್ನು ಬೆಳಗುತ್ತಿರುವ ತಮಗೆ, ಬಸ್ ನಿಲ್ದಾಣದ ಎದುರು ಬೀಗ ರಿಪೇರಿ ಮಾಡಿಕೊಂಡು ಬದುಕುವ ನನ್ನ ನಮಸ್ಕಾರಗಳು. ತಾವು ಆರೋಗ್ಯವೇ ಎಂದು ಕೇಳುವ ಅಗತ್ಯವಿಲ್ಲ. ನಮ್ಮ ಆರು ಕೋಳಿಗಳು ಹೊಟ್ಟೆ ಸೇರಿದ ಮೇಲೆ ಆರೋಗ್ಯ ಹೇಗೆ ತಾನೇ ಕೆಟ್ಟೀತು? ತಮಗೆ ಓದಲು ಬಾರದೆಂದು ಬಲ್ಲೆ, ಆದರೆ ತಮ್ಮ ಯಜಮಾನರಿಗೆ ಚೆನ್ನಾಗಿ ಬರುತ್ತದೆ. ಆದ್ದರಿಂದಲೇ ಈ ಪತ್ರವನ್ನು ನನ್ನ ಅಂಗಡಿಯ ಬಾಗಿಲಿಗೆ, ಅವರ ಕನ್ನಡಕದ ಎತ್ತರಕ್ಕೆ ಸರಿಯಾಗಿ ಅಂಟಿಸಿದ್ದೇನೆ.

ಮೊದಲು ಕಾಣೆಯಾದವು ಎರಡು. ಆಗ ತಮ್ಮ ಯಜಮಾನರು, ವಿಮೆ ಏಜೆಂಟರಾದ್ದರಿಂದ ಯಾವ ಅನಾಹುತಕ್ಕೂ ಬೇರೆಯವರನ್ನೇ ಹೊಣೆ ಮಾಡಬಲ್ಲ ಆ ಮಹನೀಯರು, ಕಾಂಪೌಂಡಿನ ಮೇಲೆ ಮೊಣಕೈ ಊರಿ, ಒಂದು ಹದ್ದಿನ ಕೆಲಸ, ಇನ್ನೊಂದು ಕಾಡುಬೆಕ್ಕಿನ ಕೆಲಸ ಎಂದು ನಿಂತ ನಿಲುವಿಗೇ ತೀರ್ಪು ಕೊಟ್ಟು, 'ನಮ್ಮ ಪಾಪೂನ ನಿಮ್ಮ ಹಿತ್ತಲಲ್ಲಿ ಬಿಡ್ತೀನಿ, ಅವನಿದ್ರೆ ಒಂದು ನೊಣಾನೂ ಒಳಗೆ ಬರಲ್ಲ' ಎಂದರು. ಊರಿನ ಅರ್ಧ ಮನೆಗಳ ಬಾಗಿಲು ಭದ್ರ ಮಾಡಿಕೊಟ್ಟಿರುವ ನಾನು, ಬುದ್ಧಿಯನ್ನು ಎಲ್ಲಿ ಅಡವಿಟ್ಟಿದ್ದೆನೋ, ಕೈಮುಗಿದು ಒಪ್ಪಿಕೊಂಡೆ. ಗೂಡಿನ ಪಕ್ಕದಲ್ಲೇ ತಮಗೆ ಗೋಣಿಚೀಲ ಹಾಸಿದೆ. ಅಮ್ಮ ದಿನಕ್ಕೊಂದು ಮೊಟ್ಟೆ ಬೇಯಿಸಿ, ಸಿಪ್ಪೆ ಸುಲಿದು, ತಮ್ಮ ಬಾಯಿಗೇ ಕೊಟ್ಟರು.

ತಮ್ಮ ಕಾರ್ಯವೈಖರಿಯನ್ನು ಹೊಗಳದೆ ಇರಲಾರೆ. ಒಂದು ವಾರ ಅಲುಗಾಡದೆ ಮಲಗಿ, ಯಾವ ಕೋಳಿ ದಪ್ಪ, ಯಾವುದು ದಡ್ಡ ಎಂದು ಅರೆಗಣ್ಣಿನಲ್ಲೇ ಅಧ್ಯಯನ ಮಾಡಿದಿರಿ. ಎಂಟನೆಯ ದಿನ ಮಧ್ಯಾಹ್ನ, ಅಮ್ಮ ಕಾಳು ಚೆಲ್ಲಿ, ಬೀಗ ಹಾಕಿ, ಒಳಗೆ ಹೋಗಿ ಒರಗಿದ ಹೊತ್ತಿಗೆ, ನಾನು ಮಾಡಿದ ಬೀಗದ ಗೌರವಕ್ಕೆ ಕುಂದು ಬಾರದಂತೆ ಅದನ್ನು ಮೂಸಿಯೂ ನೋಡದೆ, ತಂತಿಬಲೆಯ ಕೆಳಗೆ ಮಣ್ಣು ಬಗೆದು ಒಳಹೊಕ್ಕು ನಾಲ್ಕನ್ನು ಮುಗಿಸಿದಿರಿ. ಊಟಕ್ಕೆಂದು ಮನೆಗೆ ಬಂದ ನನಗೆ ಕಂಡದ್ದು ಹಾಕಿದ ಹಾಗೇ ಇದ್ದ ಬೀಗ, ಅದರ ಕೆಳಗೆ ಬಕೆಟ್ ಹಿಡಿಸುವಷ್ಟು ದೊಡ್ಡ ಗುಂಡಿ, ಮತ್ತು ಮೀಸೆಗೆ ಪುಕ್ಕ ಅಂಟಿಸಿಕೊಂಡು ಬಾಲ ಅಲ್ಲಾಡಿಸುತ್ತಿದ್ದ ತಾವು. ಉಳಿದ ಒಂದೇ ಒಂದು ಕೋಳಿ ನೀರಿನ ಟ್ಯಾಂಕ್ ಏರಿ ಕುಳಿತದ್ದು ಇವತ್ತಿಗೂ ಕೆಳಗಿಳಿಯಲು ಹಿಂದೆಮುಂದೆ ನೋಡುತ್ತದೆ.

ಆದರೆ ನನ್ನ ದೂರು ತಮ್ಮ ಹೊಟ್ಟೆಯ ಮೇಲಲ್ಲ. ಆ ದಿನ ನನಗಿಂತ ಮುಂಚೆ, ಗದ್ದಲ ಕೇಳಿ ಓಡಿಬಂದ ತಮ್ಮ ಯಜಮಾನರು, ಗುಂಡಿಗೆ ಅಡ್ಡವಾಗಿ ನಿಂತು, ನಿದ್ದೆಗಣ್ಣಲ್ಲಿ ಎದ್ದುಬಂದ ನನ್ನ ತಾಯಿಗೆ, 'ಬಾಗಿಲು ತೆಗೆದಿಟ್ಟಿರ್ತೀರಿ ಅಮ್ಮಾ, ವಯಸ್ಸಾಯ್ತಲ್ಲ, ಮರೆವು ಇದ್ದದ್ದೇ' ಎಂದು ಕರುಣೆಯಿಂದ ಹೇಳಿದರಲ್ಲ, ನನಗೆ ಮೈ ಉರಿಯುವುದು ಅದಕ್ಕೆ. ಹೋದ ತಿಂಗಳು ಒಮ್ಮೆ ಒಲೆ ಆರಿಸಲು ಮರೆತಿದ್ದ ಅಮ್ಮ ಅದನ್ನು ನಂಬಿಯೇ ಬಿಟ್ಟರು. ಬೀಗ ಹಾಕೇ ಇತ್ತು ಎಂದು ನಾನು ಎಷ್ಟು ಸಲ ಹೇಳಿದರೂ 'ನೀನು ಮಗ, ಇನ್ನೇನು ಹೇಳ್ತೀಯ' ಎನ್ನುತ್ತಾರೆ. ಗುಂಡಿ ತೋರಿಸೋಣವೆಂದರೆ ಹಿತ್ತಲಿಗೆ ಕಾಲೇ ಇಡುವುದಿಲ್ಲ. ಗೂಡಿನ ಕೀಲಿಯನ್ನು ಕೊರಳ ದಾರದಿಂದ ಬಿಚ್ಚಿ ನನಗೆ ಕೊಟ್ಟವರು, ಈಗ ಒಂದು ಲೋಟ ನೀರು ಕಾಯಿಸುವುದಕ್ಕೂ ನನ್ನ ಹೆಂಡತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಕೋಳಿ ಮತ್ತೆ ತರಬಹುದು. ಅಮ್ಮನ ಆ ಧೈರ್ಯವನ್ನು ಎಲ್ಲಿಂದ ತರಲಿ?

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ. ಇನ್ನು ಮುಂದೆ ಕೋಳಿ ಬೇಕೆನಿಸಿದಾಗ ಮೂರು ದಿನ ಮೊದಲು ಲಿಖಿತವಾಗಿ ತಿಳಿಸಬೇಕು. ತೋಡಿದ ಗುಂಡಿಯ ಪಕ್ಕದಲ್ಲಿ ಪಂಜ ಒತ್ತಿ ದೃಢೀಕರಿಸಬೇಕು. ಹದ್ದು, ಕಾಡುಬೆಕ್ಕುಗಳ ಮೇಲೆ ಬಂದ ಅಪವಾದವನ್ನು ತಾವೇ ಮುಂದೆ ನಿಂತು ತೊಡೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬಿಡುವು ಮಾಡಿಕೊಂಡು ತಮ್ಮ ಯಜಮಾನರನ್ನು ಎದುರಿಗೆ ಕೂರಿಸಿ, ತಪ್ಪು ಮಾಡಿದಾಗ ಕಿವಿ ಜೋತುಬಿಟ್ಟು ತಲೆ ತಗ್ಗಿಸುವುದು ಹೇಗೆಂದು ಕಲಿಸಬೇಕು. ನಾನು ಗದರಿದಾಗ ತಾವು ಅಷ್ಟನ್ನಾದರೂ ಮಾಡಿದಿರಿ. ಅವರಿಗೆ ಅದೂ ಬರಲಿಲ್ಲ.

ಇಷ್ಟೆಲ್ಲ ಆದ ಮೇಲೂ,
ತಮ್ಮ ವಿಶ್ವಾಸಿ,
ಬೀಗದವನು

ಬರೆಯಲು ಮರೆತದ್ದು: ತಮ್ಮ ಯಜಮಾನರು ನಿನ್ನೆ ತಮ್ಮ ಗೇಟಿನ ಬೀಗವನ್ನು ರಿಪೇರಿಗೆ ಕೊಟ್ಟು ಹೋದರು. ಬೀದಿನಾಯಿಗಳು ಒಳನುಗ್ಗಿ ತಮ್ಮನ್ನು ಕಚ್ಚಿಹಾಕಿಬಿಟ್ಟಾವೆಂದು ಅವರಿಗೆ ಊಟವೇ ಸೇರುತ್ತಿಲ್ಲವಂತೆ. ಬೀಗ ಸಿದ್ಧವಾಗಿದೆ, ಆದರೆ ನನ್ನ ಅಂಗಡಿಯಲ್ಲಿಲ್ಲ. ಕೀಲಿಯ ಸಮೇತ ಅಮ್ಮನ ಮಡಿಲಲ್ಲಿ ಇಟ್ಟುಬಂದಿದ್ದೇನೆ. ಅವರು ಖುದ್ದಾಗಿ ಮನೆಗೆ ಬಂದು, ಅಮ್ಮನ ಮುಖ ನೋಡಿ, 'ಬಾಗಿಲು ನೀವು ಸರಿಯಾಗೇ ಹಾಕಿದ್ರಿ' ಎಂದು ಹೇಳಿ ತೆಗೆದುಕೊಂಡು ಹೋಗಬಹುದು. ಅಲ್ಲಿಯವರೆಗೆ ತಮ್ಮ ಗೇಟು ತೆರೆದೇ ಇರುತ್ತದೆ, ಜೋಪಾನ.